ಕೆರೆಯೂರುಗಳ ಮಲಗುಂಡಿ: ಮನೆಯ ಹೊಣೆ, ಸ್ಥಳೀಯಾಡಳಿತದ ಕರ್ತವ್ಯ

ಅರಸೀಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಹಳೇಬೀಡಿನ ಪೂರ್ವನಾಮವಾದ ದೋರಸಮುದ್ರವೂ ಕೆರೆಯನ್ನೇ ಸೂಚಿಸುತ್ತದೆ. ಬೇಲೂರು ಯಗಚಿಯ ದಡದ ಊರು. ಕೆರೆಯನ್ನು ಊರೊಟ್ಟಿನ ಸ್ವತ್ತೆಂದು ಭಾವಿಸುವ ಜನಪದ ಪರಂಪರೆಯಲ್ಲಿ ಮಲಗುಂಡಿ ಮಾತ್ರ ಆಯಾ ಮನೆಯವರ ಖಾಸಗಿ ಸಂಗತಿ. ಈ ವಿಂಗಡಣೆ ಎರಡು ಕಾರಣಗಳಿಂದ ನಿಲ್ಲದು.

ಮೊದಲನೆಯದು ನೀರು. ಗುಂಡಿಯ ತಳದಲ್ಲಿ ಕೆಸರು ತಂಗಿ, ತಿಳಿಯಾದ ದ್ರವವಷ್ಟೇ ಇಂಗುಗುಂಡಿಗೆ ಹರಿಯಬೇಕು. ಎರಡು-ಮೂರು ವರ್ಷಗಳಿಗೊಮ್ಮೆ ಕೆಸರು ತೆಗೆಯದಿದ್ದರೆ ಅದೂ ದ್ರವದೊಡನೆ ಹೊರಬಂದು ಅಂತರ್ಜಲವನ್ನು ಕೆಡಿಸುತ್ತದೆ.

ಎರಡನೆಯದು ಜೀವ. ಗುಂಡಿಯ ವಿಷಾನಿಲ ಒಳಗಿಳಿದವರನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಆ ಕೆಲಸವನ್ನು ಸಮಾಜವು ಕೆಲವೇ ಜಾತಿಗಳ ಮೇಲೆ ಹೊರಿಸಿತು. ಸಚಿವ ಬಿ. ಬಸವಲಿಂಗಪ್ಪನವರ ಪ್ರಯತ್ನದಿಂದ 1970ರ ದಶಕದಲ್ಲಿ ಕರ್ನಾಟಕವು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿತು. 2013ರ ಕೇಂದ್ರ ಕಾಯಿದೆಯು ರಕ್ಷಣೆಯಿಲ್ಲದೆ ಮನುಷ್ಯರನ್ನು ಮಲಗುಂಡಿಗಿಳಿಸುವುದನ್ನು ಅಪರಾಧವೆಂದಿತಲ್ಲದೆ, ಆಧುನಿಕ ಯಂತ್ರಗಳ ಬಳಕೆಯನ್ನು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಗಿಸಿತು. ಒಳಚರಂಡಿ ಸಾವುಗಳಿಗೆ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ 30 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತು.

ಯಂತ್ರವು ಎತ್ತಿದ ಕೆಸರಿಗೂ ನೆಲೆ ಬೇಕು. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಸಂಸ್ಕರಣಾ ಘಟಕ ಅದಕ್ಕೊಂದು ಮಾದರಿ. ಗುಂಡಿಗಳ ದಾಖಲೆ, ಸರದಿಯ ತೆರವು, ಕೆಸರಿನ ಸಂಸ್ಕರಣೆ ಇವು ಮೂರೂ ಕೂಡಿದಾಗಲೇ ಸ್ಥಳೀಯಾಡಳಿತದ ಮೇಲ್ವಿಚಾರಣೆ ಅರ್ಥಪೂರ್ಣವಾಗುತ್ತದೆ. ಒಂದನ್ನು ಬಿಟ್ಟರೂ ಅದರ ಭಾರ ಕೆರೆಯ ಮೇಲೋ ಕಾರ್ಮಿಕನ ಮೇಲೋ ಬೀಳುತ್ತದೆ.