ಗೋಸುಂಬೆಯ ಮರಿಗೆ ಎಂಥ ಮನೆ ಬೇಕು?

ಶಿಕಾರಿಪುರದಿಂದ ಸೊರಬದ ಕಡೆಗೆ ಹೊರಟವರಿಗೆ ದಾರಿಯುದ್ದಕ್ಕೂ ನಾಡಿನ ಚಹರೆ ಮೆಲ್ಲಮೆಲ್ಲನೆ ಬದಲಾಗುವುದು ಕಾಣಿಸುತ್ತದೆ. ಮೂಡಣದಲ್ಲಿ ಮೆಕ್ಕೆಜೋಳದ ಹೊಲಗಳು, ಕುರುಚಲು ಕಾಡು. ಪಡುವಣಕ್ಕೆ ಸಾಗಿದಂತೆ ಗದ್ದೆ, ಅಡಕೆತೋಟ, ಕಾನು. ಬಯಲುಸೀಮೆಯೂ ಮಲೆನಾಡೂ ಸಂಧಿಸುವ ಇಂತಹ ಪ್ರದೇಶದ ಬೇಲಿಗಳಲ್ಲಿ ಓತಿಕ್ಯಾತವನ್ನು ಕಾಣದವರಿಲ್ಲ. ಆದರೆ ಎಂದಾದರೊಮ್ಮೆ, ಗಾಳಿಗೆ ತೂಗುವ ಎಲೆಯಂತೆ ಹಿಂದೆಮುಂದೆ ಓಲಾಡುತ್ತ ಹೆಜ್ಜೆಯಿಡುವ ಪುಟ್ಟ ಮರಿಯೊಂದು ಕಣ್ಣಿಗೆ ಬಿದ್ದೀತು. ಅದು ಗೋಸುಂಬೆ, ಊಸರವಳ್ಳಿಯೆಂದೂ ಕರೆಯುವುದುಂಟು. ಕಂಡ ವಿದ್ಯಾರ್ಥಿಗೆ ಅದನ್ನು ಹಿಡಿದು ಡಬ್ಬಿಯಲ್ಲಿಟ್ಟು ಸಾಕುವ ಆಸೆ ಹುಟ್ಟುವುದು ಸಹಜ. ಆಸೆಯ ಮೂಲ ಕುತೂಹಲವೇ ಹೊರತು ಕ್ರೌರ್ಯವಲ್ಲ. ಆದರೆ ಸಾಕುವುದೆಂದರೆ ಮನೆ ಕೊಡುವುದು. ಆ ಮರಿಗೆ ಎಂಥ ಮನೆ ಬೇಕೆಂಬುದನ್ನು ಮೊದಲು ವಿಚಾರಿಸೋಣ.

ಓತಿಕ್ಯಾತವನ್ನೇ ಗೋಸುಂಬೆಯೆಂದು ತಿಳಿಯುವವರುಂಟು. ಎರಡೂ ಬಣ್ಣ ಬದಲಿಸುತ್ತವೆಂಬುದು ನಿಜ. ಆದರೆ ಓತಿಯು ಸರ್ರನೆ ಓಡುತ್ತದೆ. ಗೋಸುಂಬೆಯಾದರೋ ಅಳೆದಳೆದು ನಡೆಯುತ್ತದೆ. ಅದರ ಕಾಲ್ಬೆರಳುಗಳು ಎರಡು ಮತ್ತು ಮೂರರ ಗುಂಪುಗಳಾಗಿ ಕೂಡಿಕೊಂಡು ಇಕ್ಕಳದಂತೆ ರೆಂಬೆಯನ್ನು ಹಿಡಿಯುತ್ತವೆ. ಬಾಲವು ಇನ್ನೊಂದು ಕೈಯಂತೆ ಸುತ್ತಿಕೊಳ್ಳುತ್ತದೆ. ಒಂದು ಕಣ್ಣು ಮುಂದೆ ನೋಡುತ್ತಿರುವಾಗ ಇನ್ನೊಂದು ಹಿಂದೆ ನೋಡಬಲ್ಲದು. ಜಗತ್ತಿನಲ್ಲಿ 200ಕ್ಕೂ ಮಿಕ್ಕಿದ ಗೋಸುಂಬೆ ಜಾತಿಗಳಿದ್ದು, ಹೆಚ್ಚುಕಡಮೆ ಅರ್ಧದಷ್ಟು ಮಡಗಾಸ್ಕರ್ ದ್ವೀಪದಲ್ಲಿವೆ. ಭಾರತದ ಪಾಲಿಗೆ ಬಂದದ್ದು ಒಂದೇ ಜಾತಿ: 1768ರಲ್ಲಿ ಲೊರೆಂಟಿ ಎಂಬ ವಿಜ್ಞಾನಿಯು ಹೆಸರಿಸಿದ ‘ಕಮೀಲಿಯೋ ಜೇಲಾನಿಕಸ್’.

ತಾಯಿ ಗೋಸುಂಬೆ ನೆಲಕ್ಕಿಳಿದು, ಮಣ್ಣನ್ನು ಅಗೆದು ಮೊಟ್ಟೆಗಳನ್ನಿಟ್ಟು, ಮುಚ್ಚಿ ಹೊರಟುಹೋಗುತ್ತದೆ. ತಿಂಗಳುಗಳ ಬಳಿಕ ಹೊರಬರುವ ಮರಿಗಳು ತಾಯಿಯ ಮುಖವನ್ನೇ ಕಾಣವು. ಹುಟ್ಟಿದಂದಿನಿಂದಲೇ ಕೊಂಬೆ ಹತ್ತುವುದು, ಬೇಟೆಯಾಡುವುದು ಅವುಗಳ ಪಾಲಿನ ಕೆಲಸ. ಹಾಗಾದರೆ ಅವನ್ನು ಸಾಕುವುದು ಸುಲಭವೆಂದು ತೋರಬಹುದು. ವಾಸ್ತವಾಂಶವು ಇದಕ್ಕೆ ವಿರುದ್ಧ.

ಮೊದಲನೆಯ ಅಗತ್ಯ ಬಿಸಿಲು. ಗೋಸುಂಬೆಯ ಮೈ ನಮ್ಮದರಂತೆ ಒಳಗಿನಿಂದ ಬೆಚ್ಚಗಾಗುವುದಿಲ್ಲ. ಚಳಿಯಾದರೆ ಬಿಸಿಲಿಗೆ, ಕಾವೇರಿದರೆ ನೆರಳಿಗೆ ಅದು ಸರಿಯುತ್ತಲೇ ಇರಬೇಕು. ತೂತು ಕೊರೆದ ಡಬ್ಬಿಯನ್ನು ಬಿಸಿಲಿನಲ್ಲಿಟ್ಟರೆ ಮರಿಗೆ ಓಡಲು ನೆರಳಿಲ್ಲ. ನೆರಳಿನಲ್ಲಿಟ್ಟರೆ ಮೂಳೆ ಗಟ್ಟಿಗೊಳ್ಳಲು ಬೇಕಾದ ಡಿ ಜೀವಸತ್ವವನ್ನು ಉಂಟುಮಾಡುವ ಅತಿನೇರಳೆ ಕಿರಣವಿಲ್ಲ. ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯು ಆಹಾರದಲ್ಲಿ ಈ ಜೀವಸತ್ವ ಕಡಮೆಯಾದಾಗ ತಾನೇ ಹೆಚ್ಚು ಹೊತ್ತು ಬಿಸಿಲು ಕಾಯುತ್ತದೆಂದು 2009ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ವೈದ್ಯನೂ ತಾನೇ, ರೋಗಿಯೂ ತಾನೇ!

ಎರಡನೆಯದು ನೀರು. ತಟ್ಟೆಯಲ್ಲಿ ನಿಂತ ನೀರನ್ನು ಗೋಸುಂಬೆಯು ಸಾಮಾನ್ಯವಾಗಿ ನೀರೆಂದು ಗುರುತಿಸುವುದೇ ಇಲ್ಲ. ಎಲೆಯ ಮೇಲಿನ ಇಬ್ಬನಿ, ಮಳೆಹನಿಗಳನ್ನು ಅದು ನೆಕ್ಕಿ ಕುಡಿಯುತ್ತದೆ. ತುಂಬಿದ ಬಟ್ಟಲಿನ ಪಕ್ಕದಲ್ಲಿಯೇ ಮರಿಯು ಬಾಯಾರಿ ಸಾಯುವುದು ಸಾಧ್ಯ. ಮೂರನೆಯದು ಆಹಾರ. ಮರಿಗೆ ತನ್ನ ಬಾಯಿಗೆ ಹಿಡಿಸುವಷ್ಟು ಚಿಕ್ಕ ಹುಳುಗಳು ದಿನವೂ, ಬಗೆಬಗೆಯವು, ಜೀವಂತವಾಗಿಯೇ ಬೇಕು.

ನಾಲ್ಕನೆಯ ಅಗತ್ಯ ಅನಿರೀಕ್ಷಿತವಾದುದು. ಬೆಳೆದ ಗೋಸುಂಬೆ ಒಂಟಿಬಾಳಿನದು. ಆದರೆ ಅರೇಬಿಯದ ಒಂದು ಜಾತಿಯ ಮರಿಗಳನ್ನು ಬ್ಯಾಲೆನ್, ಶೈನ್, ಓಲ್ಸನ್ ಎಂಬ ವಿಜ್ಞಾನಿಗಳು ಕೆಲವನ್ನು ಒಂಟಿಯಾಗಿಯೂ ಕೆಲವನ್ನು ಗುಂಪಿನಲ್ಲಿಯೂ ಬೆಳೆಸಿ ನೋಡಿದರು. ಒಂಟಿಯಾಗಿ ಬೆಳೆದವು ಇತರ ಗೋಸುಂಬೆಗಳೆದುರು ಅಂಜುಬುರುಕವಾದವು; ಅವುಗಳ ಬಣ್ಣವೂ ಮಂಕಾಗಿತ್ತು; ಬೇಟೆಯಲ್ಲಿಯೂ ನಿಧಾನವಾಗಿದ್ದವು. ಬಾಲ್ಯದ ಏಕಾಂತ ಮರಿಯನ್ನು ಕುಗ್ಗಿಸುತ್ತದೆಂದು 2014ರಲ್ಲಿ ಅವರು ವರದಿಮಾಡಿದರು.

ಗೋಸುಂಬೆಯ ಬಣ್ಣವೆಂದರೆ ಬರಿಯ ವೇಷವಲ್ಲ. ಚರ್ಮದೊಳಗಿನ ಅತಿಸೂಕ್ಷ್ಮ ಹರಳುಗಳ ನಡುವಣ ಅಂತರವು ಹೆಚ್ಚುಕಡಮೆಯಾದಂತೆ ಪ್ರತಿಫಲಿಸುವ ಬೆಳಕಿನ ಬಣ್ಣ ಬದಲಾಗುತ್ತದೆಂದು 2015ರಲ್ಲಿ ಜಿನೀವಾದ ವಿಜ್ಞಾನಿಗಳು ಪ್ಯಾಂಥರ್ ಗೋಸುಂಬೆಯಲ್ಲಿ ಕಂಡುಕೊಂಡರು. ಕಾವು, ಭಯ, ಸಿಟ್ಟು, ಒಲವುಗಳಿಗೆ ತಕ್ಕಂತೆ ಬಣ್ಣ ತಿರುಗುವುದುಂಟು. ಡಬ್ಬಿಯಲ್ಲಿ ಕಪ್ಪಿಟ್ಟ ಮರಿಯನ್ನು ಕಂಡು ನಾವು “ನೋಡು, ಬಣ್ಣ ಬದಲಿಸಿತು!” ಎಂದು ಹಿಗ್ಗುತ್ತೇವೆ. ಅದು ತನ್ನ ಸಂಕಟವನ್ನು ಹೇಳಿಕೊಳ್ಳುತ್ತಿರಬಹುದು.

ಕೆಲವು ಪರದೇಶಗಳಲ್ಲಿ ಗೋಸುಂಬೆಗಳನ್ನು ಸಾಕುವ ಹವ್ಯಾಸವಿದೆ. ಅಲ್ಲಿ ಗಾಳಿಯಾಡುವ ಜಾಲರಿಯ ಪಂಜರ, ಅತಿನೇರಳೆ ಕಿರಣದ ದೀಪ, ಎಲೆಗಳ ಮೇಲೆ ಹನಿಯುವ ನೀರು, ಸುಣ್ಣದ ಪುಡಿ ಸವರಿದ ಹುಳುಗಳು ಇವನ್ನೆಲ್ಲ ಒದಗಿಸುತ್ತಾರೆ. ಇಷ್ಟೆಲ್ಲ ಖರ್ಚಿನಿಂದ ಕಟ್ಟಿದ್ದೇನು? ನಮ್ಮ ಹೊಲದ ಬೇಲಿಯ ನಕಲು! ನಮ್ಮಲ್ಲಿ ಮೂಲವೇ ಇರುವಾಗ ನಕಲಿನ ಹಂಗೇಕೆ? ಅಲ್ಲದೆ ನಮ್ಮ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅದನ್ನು ಹಿಡಿದು ಸಾಕುವುದು ಅಪರಾಧ.

ಹಾಗಾದರೆ ವಿದ್ಯಾರ್ಥಿಯು ಮಾಡಬಹುದಾದುದೇನು? ಮರಿ ಕಂಡರೆ ನಾಲ್ಕು ಮಾರು ದೂರ ಕುಳಿತು ನೋಡಬಹುದು; ಗಂಟೆ, ಬಿಸಿಲು, ಬಣ್ಣ, ಹಿಡಿದ ಹುಳು ಇವನ್ನು ಪುಸ್ತಕದಲ್ಲಿ ಬರೆದಿಡಬಹುದು. ರಸ್ತೆ ದಾಟುವ ಗೋಸುಂಬೆ ಕಂಡರೆ, ವಾಹನಗಳನ್ನು ನೋಡಿಕೊಂಡು, ಕೋಲೊಂದನ್ನು ಮುಂದೊಡ್ಡಿ, ಅದು ಹತ್ತಿಕೊಂಡ ಮೇಲೆ ಹೊರಟಿದ್ದ ಕಡೆಯ ಪೊದೆಗೆ ಸೇರಿಸಬಹುದು. ಗಾಯಗೊಂಡಿದ್ದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬೇಕು. ಅದು ವಿಷಜಂತುವೆಂದು ಕಲ್ಲೆತ್ತಿದವರಿಗೆ, ಅದರಲ್ಲಿ ವಿಷವಿಲ್ಲವೆಂದು ಹೇಳುವ ಧೈರ್ಯವೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಜೀವಬೇಲಿಯನ್ನು ಕಿತ್ತು ತಂತಿ ಎಳೆಯಲು ಮನೆಯವರು ಹೊರಟಾಗ, ಆ ಬೇಲಿಯ ಪರವಾಗಿ ಒಂದು ಮಾತು ಆಡಬಹುದು. ಬೇಲಿಯನ್ನು ಉಳಿಸಿದವನೇ ಗೋಸುಂಬೆಯ ಮರಿಯನ್ನು ಸಾಕಿದವನು.