ಗೆರೆ ದಾಟಿದ ಬಣ್ಣ

ತೇನಿ ಜಿಲ್ಲೆಯ ಕಂಬಂ ಕಣಿವೆಯ ಕಪ್ಪಿಲಿಯರ ಮನೆಮಾತು ಕನ್ನಡ, ಓದುಬರಹ ತಮಿಳು. ದೇವರಿಗೆ ಮೀಸಲಾದ ದನಗಳ ಹಿಂಡನ್ನು ಅವರು ‘ದೇವರು ಆವು’ ಎಂದೂ ಹಿಂಡಿನ ಮುಂದಾಳು ಹೋರಿಯನ್ನು ‘ಪಟ್ಟದ ಆವು’ ಎಂದೂ ಕರೆಯುವುದನ್ನು ಎಡ್ಗರ್ ಥರ್ಸ್ಟನ್ 1909ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಇಂತಹ ಮನೆಮಾತುಗಳನ್ನು ಚಿತ್ರದೊಡನೆ ಕಾಪಿಡಲು ಇಂದು ಗಣಕಯಂತ್ರದ ಚಿತ್ರಸಂಪುಟವು ಒದಗುತ್ತದೆ.

ಮಗುವು ಬಿಳಿಯ ಹಾಳೆಯಲ್ಲಿ ಪೆನ್ಸಿಲಿನಿಂದ ಹೋರಿಯನ್ನು ಬರೆಯಲಿ. ಅದನ್ನು ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿ, ಉಚಿತವಾಗಿ ದೊರೆಯುವ ಕ್ರಿಟಾ ಅಥವಾ ಗಿಂಪ್ ತಂತ್ರಾಂಶದಲ್ಲಿ ತೆರೆಯಿರಿ. ಆ ಪದರವನ್ನು ‘ಮಲ್ಟಿಪ್ಲೈ’ ವಿಧಾನಕ್ಕೆ ತಂದರೆ ಹಾಳೆಯ ಬಿಳುಪು ಮರೆಯಾಗಿ ಗೆರೆಯಷ್ಟೇ ಕಾಣುವುದು. ಅದರ ಕೆಳಗೆ ಹೊಸ ಪದರವನ್ನಿರಿಸಿ ಬಣ್ಣ ತುಂಬಬೇಕು. ಕುಂಚದ ಸಾಂದ್ರತೆಯನ್ನು ಶೇಕಡಾ 40ಕ್ಕೆ ಇಳಿಸಿದರೆ, ಮತ್ತೆ ಮತ್ತೆ ಎಳೆದಂತೆ ಬಣ್ಣವು ಕ್ರೇಯಾನಿನಂತೆ ಗಾಢವಾಗುವುದು. ಬಣ್ಣ ಅಲ್ಲಲ್ಲಿ ಗೆರೆ ದಾಟಲಿ, ಅಲ್ಲಲ್ಲಿ ಬಿಳಿ ಉಳಿಯಲಿ. ಕೈಯ ಗುರುತು ಅದೇ. ಛಾಯಾಚಿತ್ರವನ್ನು ಕ್ಷಣದಲ್ಲಿ ರೇಖಾಚಿತ್ರವಾಗಿಸುವ ಸೌಲಭ್ಯದಲ್ಲಿ ಆ ಗುರುತು ಇರದು.

ಕಡೆಗೆ, ಮನೆಯ ಹಿರಿಯರು ಆ ಪ್ರಾಣಿಯನ್ನು ಕರೆಯುವ ಹೆಸರನ್ನು ಮಗುವೇ ಅಡಿಯಲ್ಲಿ ಬರೆಯಲಿ. ಕಂಬಂ ಕಣಿವೆಯಲ್ಲಿ ಮಾತು ಉಳಿದಿದೆ, ಲಿಪಿಯ ಕಲಿಕೆಯಿಲ್ಲ. ಕನ್ನಡ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಲಿಪಿಯಿದೆ. ಮನೆಯ ಮಾತು ಅದರೊಳಗೆ ಇಳಿಯಬೇಕಾಗಿದೆ.