ತೊಟ್ಟಿಯ ಲೋಳೆ ಮತ್ತು ಕಿಣ್ವದ ಅಳತೆ

ಕೊಯ್ಲಿನ ಕಾಲದಲ್ಲಿ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಮತ್ತೆ ಮತ್ತೆ ಹೇಳುವ ದೂರು ಒಂದಿದೆ. "ಕಿಣ್ವದ ದ್ರಾವಣ ಹಾಕಿದರೂ ಬೀಜದ ಲೋಳೆ ಬಿಡಲಿಲ್ಲ, ಮಾಲೇ ಕಳಪೆ ಇರಬೇಕು" ಎಂಬುದು. ವಿಚಾರಿಸಿ ನೋಡಿದರೆ ಬಹಳ ಸಲ ಮಾಲಿನ ತಪ್ಪಿರುವುದಿಲ್ಲ. ಸಾಧಾರಣ ದಿನದ ಹಣ್ಣಿಗೆ ಹಾಕುವ ಅಳತೆಯನ್ನೇ ಹಣ್ಣು ಇಮ್ಮಡಿ ಬಂದ ದಿನವೂ ಹಾಕಿ, ಅಷ್ಟೇ ಗಂಟೆ ಕಾದು ತೊಳೆದಿರುತ್ತಾರೆ. ಲೋಳೆ ಉಳಿದ ಬೀಜ ಕಣದಲ್ಲಿ ಅಂಟಂಟಾಗಿ, ನಿಧಾನವಾಗಿ ಒಣಗಿ, ಬೂಸಲು ಹಿಡಿಯುತ್ತದೆ. ಆಮೇಲೆ ಪಾರ್ಚ್‌ಮೆಂಟಿಗೆ ದರ ಸಿಗಲಿಲ್ಲವೆಂದು ಕೊರಗುವುದು ತಪ್ಪದು.

ಪಲ್ಪರ್‌ನಿಂದ ಇಳಿದ ಬೀಜಕ್ಕೆ ಅಂಟಿರುವ ಲೋಳೆಯಲ್ಲಿ ಪೆಕ್ಟಿನ್ ಎಂಬ ವಸ್ತುವಿದೆ. ಅದನ್ನು ತುಂಡರಿಸುವುದೇ ಕಿಣ್ವದ ಕೆಲಸ. ಕಿಣ್ವದ ಒಂದೊಂದು ಕಣವೂ ಪೆಕ್ಟಿನ್ನನ್ನು ಹಿಡಿದು, ಕಡಿದು, ಬಿಟ್ಟು, ಮತ್ತೊಂದನ್ನು ಹಿಡಿಯುತ್ತದೆ. ತಾನು ಮಾತ್ರ ಸವೆದುಹೋಗುವುದಿಲ್ಲ.

ಅಡಿಕೆ ಸುಲಿಯುವ ಚಪ್ಪರವನ್ನು ನೆನೆಸಿಕೊಳ್ಳಿ. ಹತ್ತು ಜನ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದಾರೆ. ಮುಂದೆ ನಾಲ್ಕೇ ಹಿಡಿ ಅಡಿಕೆ ಚದುರಿ ಬಿದ್ದಿದ್ದರೆ ಕೈಚಾಚಿ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಇನ್ನೊಂದು ಬುಟ್ಟಿ ಸುರಿದರೆ ಕೆಲಸ ಚುರುಕಾಗುತ್ತದೆ. ಆದರೆ ಎದೆಮಟ್ಟ ರಾಶಿ ಇರುವಾಗ ಮತ್ತೂ ಐದು ಬುಟ್ಟಿ ಸುರಿದರೆ ಸುಲಿತ ಹೆಚ್ಚುವುದೇ? ಇಲ್ಲ. ಎಲ್ಲರ ಕೈಯೂ ತುಂಬಿದೆ. ಇನ್ನು ವೇಗ ಬೇಕೆಂದರೆ ಜನರನ್ನೇ ಕರೆಯಬೇಕು.

ಕಿಣ್ವದ ಲೆಕ್ಕವೂ ಹೀಗೆಯೇ. ಇದನ್ನು ಸೂತ್ರಕ್ಕೆ ಇಳಿಸಿದವರು ಲಿಯೊನೋರ್ ಮೈಕೇಲಿಸ್ ಮತ್ತು ಕೆನಡಾದ ವೈದ್ಯೆ ಮಾಡ್ ಮೆಂಟೆನ್. 1913ರಲ್ಲಿ, ಬರ್ಲಿನ್‌ನಲ್ಲಿ. ಅವರು ಹಿಡಿದದ್ದು ಕಾಫಿಯನ್ನಲ್ಲ. ಸಕ್ಕರೆಯನ್ನು ಒಡೆಯುವ ಯೀಸ್ಟಿನ ಕಿಣ್ವವನ್ನು. ಉದಾಹರಣೆಗೆ, ವಸ್ತು 10 ಪಾಲು ಇದ್ದಾಗ ಕೆಲಸವು ಗರಿಷ್ಠ ವೇಗದ ಅರ್ಧಕ್ಕೆ ಬಂದಿತೆನ್ನಿ. 30 ಪಾಲಾದರೆ ವೇಗ ಮುಕ್ಕಾಲಾಗುತ್ತದೆ. ಅದನ್ನೂ ಮೂರು ಪಟ್ಟು ಮಾಡಿ 90ಕ್ಕೆ ಏರಿಸಿದರೂ ಸಿಗುವುದು ಹತ್ತರಲ್ಲಿ ಒಂಬತ್ತು ಪಾಲು ಮಾತ್ರ.

ಹೊಸದಾಗಿ ಪಲ್ಪ್ ಮಾಡಿದ ಬೀಜದಲ್ಲಿ ಲೋಳೆ ದಟ್ಟವಾಗಿರುವುದರಿಂದ ಹಾಕಿದ ಕಿಣ್ವಕ್ಕೆಲ್ಲ ಕೈತುಂಬ ಕೆಲಸ. ಬೀಜ ಇಮ್ಮಡಿಯಾಗಿ ಕಿಣ್ವ ಅಷ್ಟೇ ಇದ್ದರೆ ಹೆಚ್ಚುಕಡಿಮೆ ಇಮ್ಮಡಿ ಹೊತ್ತು ಬೇಕೇ ಬೇಕು. ಒಂದೋ ಅಳತೆ ಹೆಚ್ಚಿಸಬೇಕು, ಇಲ್ಲವೇ ಕಾಯಬೇಕು. ತೊಟ್ಟಿಗೆ ನೀರು ಧಾರಾಳವಾಗಿ ಬಿಡುವ ಅಭ್ಯಾಸವೂ ಸರಿಯಲ್ಲ. ಅದರಿಂದ ಲೋಳೆಯೂ ಕಿಣ್ವವೂ ತೆಳುವಾಗಿ, ಒಂದಕ್ಕೊಂದು ಸಿಗುವುದೇ ತಡವಾಗುತ್ತದೆ.

ಕಿಣ್ವ ಕೊಳ್ಳದೆ ಹುದುಗಿಸುವವರ ತೊಟ್ಟಿಯಲ್ಲಿ ಹಣ್ಣಿನೊಡನೆ ಬಂದ ಸೂಕ್ಷ್ಮಜೀವಿಗಳು ಬೆಳೆದು ಕಿಣ್ವವನ್ನು ತಾವೇ ಒದಗಿಸುತ್ತವೆ. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ. ರೊಬಸ್ಟಾದ ಲೋಳೆ ದಪ್ಪ, ಅದಕ್ಕೆ ಇನ್ನೂ ಹೆಚ್ಚು. ಚಳಿ ಬಿದ್ದರೆ ಎರಡೂ ನಿಧಾನ.

ಕೊನೆಯ ಹಂತದಲ್ಲಿ ಮಾತ್ರ ಎಚ್ಚರಿಕೆ ಬೇಕು. ಲೋಳೆ ತೆಳುವಾದಂತೆ ಕಿಣ್ವದ ಕೆಲಸ ತಾನಾಗಿ ಇಳಿಯುತ್ತದೆ, ಚಪ್ಪರದಲ್ಲಿ ಕೊನೆಯ ನಾಲ್ಕು ಹಿಡಿ ಅಡಿಕೆ ಉಳಿದಾಗಿನಂತೆ. ಆದರೆ ಸೂಕ್ಷ್ಮಜೀವಿಗಳು ಸುಮ್ಮನಿರುವುದಿಲ್ಲ. ಉಳಿದ ಚೂರು ಲೋಳೆಗೆಂದು ಇನ್ನೊಂದು ರಾತ್ರಿ ಬಿಟ್ಟರೆ ಹುಳಿ ಹೆಚ್ಚಿ, ಬೀಜಕ್ಕೆ ದುರ್ವಾಸನೆ ಹತ್ತುತ್ತದೆ. ಅಂಥ ನಾಲ್ಕು ಬೀಜ ಸಾಕು, ಒಳ್ಳೆಯ ಚೀಲವೂ ರುಚಿ ಪರೀಕ್ಷೆಯಲ್ಲಿ ಬೀಳುತ್ತದೆ. ಆದ್ದರಿಂದ ಗಡಿಯಾರವನ್ನಷ್ಟೇ ನಂಬದೆ, ಒಂದು ಹಿಡಿ ತೆಗೆದು ತೊಳೆದು ಉಜ್ಜಿ ನೋಡತಕ್ಕದ್ದು. ಜಾರದೆ, ಸಣ್ಣ ಜಲ್ಲಿಯಂತೆ ಗರಗರ ಎಂದರೆ ಆಗಲೇ ತೊಳೆಯಬಹುದು. ರಾಶಿಗೆ ಕೋಲು ಚುಚ್ಚಿ ತೆಗೆದಾಗ ತೂತು ಮುಚ್ಚದೆ ನಿಂತರೂ ಅದೇ ಗುರುತು. ನಿನ್ನೆಯ ಅರೆ ಹುದುಗಿದ ಬೀಜದ ಮೇಲೆ ಇಂದಿನದನ್ನು ಸುರಿದರೆ ಈ ಪರೀಕ್ಷೆ ಯಾವುದೂ ನಿಲ್ಲದು.

ಕಿಣ್ವ ಕೊಳ್ಳುವ ಸದಸ್ಯರು ಡಬ್ಬಿಯ ಮೇಲಿನ ಅಳತೆ ಹಣ್ಣಿನ ತೂಕಕ್ಕೋ, ಪಲ್ಪರ್‌ನಿಂದ ಇಳಿದ ಹಸಿ ಬೀಜದ ತೂಕಕ್ಕೋ ಎಂಬುದನ್ನು ಮೊದಲು ಓದಿಕೊಳ್ಳಬೇಕಾಗಿ ಕೋರುತ್ತೇವೆ.